ಮರಳ ಮೇಲೆ ಮಾಂಗಲ್ಯ, ಕಾಗದದ ಮೇಲೆ ರೋಹಿಡಾ

ಜೈಸಲ್ಮೇರ್ ಕಡೆಯ ಮದುವೆಗಳ ಕರೆಯೋಲೆಯಲ್ಲಿ ಆಗಾಗ ಕರೆಯದೇ ಬಂದ ಅತಿಥಿಯೊಬ್ಬ ಇಣುಕುತ್ತಾನೆ. ಎರಡು ತೋಳು ಮೇಲೆತ್ತಿ ನಿಂತ ಎತ್ತರದ ಕ್ಯಾಕ್ಟಸ್. ಅದರ ಹೆಸರು ಸಗ್ವಾರೊ; ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊದಲ್ಲಿ ಹರಡಿರುವ ಸೊನೊರನ್ ಮರುಭೂಮಿಯ ಗಿಡ. ಥಾರ್ ಮರಳಿನಲ್ಲಿ ಅದು ಬೆಳೆಯುವುದಿಲ್ಲ. ಸಗ್ವಾರೊ ಹಾಗಿರಲಿ, ಕ್ಯಾಕ್ಟಸ್ ಕುಟುಂಬದ ಯಾವ ಗಿಡವೂ ಅಲ್ಲಿನ ಮೂಲದ್ದಲ್ಲ. ಜೋಧ್‌ಪುರದ ಬಂಡೆಗಳ ಮೇಲೆ ಕಾಣುವ ‘ಥೋರ್’ ನೋಡಲು ಕ್ಯಾಕ್ಟಸ್‌ನಂತಿದ್ದರೂ ನಮ್ಮ ಹಾಲುಗಳ್ಳಿಯ ಬಳಗದ್ದು. ಮಂಟಪಕ್ಕೆ ಸಿಕ್ಕಿಸುವ ತುಪ್ಪಳದಂಥ ಪಂಪಾಸ್ ಹುಲ್ಲಿನ ಕಥೆಯೂ ಇದೇ. ಅದರ ತವರು ದಕ್ಷಿಣ ಅಮೆರಿಕ.

ಮರುಭೂಮಿ ಎಂದರೆ ಬಟಾಬಯಲು, ಅಲ್ಲಿ ಏನು ತಂದಿಟ್ಟರೂ ನಡೆಯುತ್ತದೆ ಎಂಬ ಎಣಿಕೆ ಇದರ ಹಿಂದಿದೆ. ಥಾರ್ ಮಾತ್ರ ಹಾಗಿಲ್ಲ. ಜನ, ದನ, ಒಂಟೆ, ಆಡುಗಳು ತುಂಬಿಕೊಂಡಿರುವ ಮರುಭೂಮಿ ಅದು. ಅಲ್ಲಿನ ಒಂದೊಂದು ಗಿಡಕ್ಕೂ ಹೆಸರಿದೆ, ಬಳಕೆಯಿದೆ, ಹೂ ಬಿಡುವ ತಿಂಗಳಿದೆ. ಅದಕ್ಕೇ ಮರುಭೂಮಿಯ ಮದುವೆಗೆ ಯೋಜನೆ ಹಾಕುವವರು ಮಂಟಪಕ್ಕಿಂತ ಮೊದಲು ಪತ್ರಿಕೆಯ ಬಗ್ಗೆ ಯೋಚಿಸುವುದು ಒಳ್ಳೆಯದು. ಪತ್ರಿಕೆಯ ಮೇಲೆ ಯಾವ ಗಿಡದ ಚಿತ್ರ ಬರೆಸೋಣ ಎಂದು ಮನೆಯವರು ಕೂತು ಮಾತಾಡಿದರೆ, ಯಾವ ತಿಂಗಳು, ಯಾವ ಬಣ್ಣ, ಯಾವ ಊಟ ಎನ್ನುವುದು ಬಹುಪಾಲು ಅಲ್ಲೇ ಇತ್ಯರ್ಥವಾಗುತ್ತದೆ. ಇನ್ನೊಂದು ಲಾಭವೂ ಉಂಟು: ಕಾಗದದ ಮೇಲೆ ಬರೆಸಿದ ಗಿಡವನ್ನು ಮರಳಿನಿಂದ ಕೀಳಬೇಕಿಲ್ಲ.

ದಿನಾಂಕ ಹೇಳುವ ಗಿಡ

ಥಾರ್‌ನಲ್ಲಿ ಬಯಲು ಮದುವೆಗೆ ಹೊಂದುವ ಕಾಲ ನವೆಂಬರ್‌ನಿಂದ ಮಾರ್ಚ್ ಮೊದಲ ದಿನಗಳವರೆಗೆ. ಮೇ–ಜೂನ್‌ನಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ‘ಆಂಧಿ’ ಎಂಬ ದೂಳಿನ ಬಿರುಗಾಳಿ ಬೀಸಿದರೆ ಶಾಮಿಯಾನವೇ ಹಾರಿಹೋಗುತ್ತದೆ. ಚಳಿಗಾಲದಲ್ಲೂ ಒಂದು ತೊಡಕಿದೆ. ಹಗಲು ಅತ್ಯಂತ ಹಿತವಾಗಿರುವ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗಿನ ದಿನಗಳು ನಮಗೆ ಧನುರ್ಮಾಸ, ಅಲ್ಲಿಯವರಿಗೆ ‘ಮಲ್‌ಮಾಸ್’. ಎರಡೂ ಕಡೆ ಮದುವೆ ಮಾಡುವುದಿಲ್ಲ. ಉಳಿಯುವುದು ಎರಡು ಅವಧಿ: ಕಾರ್ತೀಕದ ತುಳಸಿ ಪೂಜೆಯಿಂದ ಡಿಸೆಂಬರ್ ಮಧ್ಯದವರೆಗೆ ಒಂದು, ಸಂಕ್ರಾಂತಿ ಕಳೆದು ಹೋಳಿಯವರೆಗೆ ಇನ್ನೊಂದು. ನಟ ಸಿದ್ಧಾರ್ಥ್ ಮಲ್ಹೋತ್ರಾ ಮತ್ತು ಕಿಯಾರಾ ಅಡ್ವಾಣಿ 2023ರ ಫೆಬ್ರುವರಿ 7ರಂದು ಜೈಸಲ್ಮೇರ್‌ನ ಸೂರ್ಯಗಢದಲ್ಲಿ ಹಾರ ಬದಲಿಸಿಕೊಂಡದ್ದು ಈ ಎರಡನೆಯ ಅವಧಿಯಲ್ಲೇ.

ಈ ಎರಡು ಅವಧಿಗೂ ಬೇರೆ ಬೇರೆ ಗಿಡಗಳಿವೆ. ಫೆಬ್ರುವರಿ ಕೊನೆಯ ಮದುವೆಯಾದರೆ ರೋಹಿಡಾ. ರಾಜಸ್ಥಾನದ ರಾಜ್ಯಪುಷ್ಪ ಇದು. ಉದ್ದನೆಯ, ಬೂದುಹಸಿರಿನ, ಅಂಚು ಅಲೆಅಲೆಯಾದ ಎಲೆ; ಕೊಂಬೆಯ ತುದಿಯಲ್ಲಿ ಗೊಂಚಲಾಗಿ ತುತ್ತೂರಿಯಂಥ ಹೂ. ಹಳದಿ, ಕಿತ್ತಳೆ, ಕೆಂಪು ಮೂರೂ ಬಣ್ಣದ ಮರಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಅರಿಶಿನದಿಂದ ಕುಂಕುಮದವರೆಗೆ ನಮ್ಮ ಮದುವೆಯ ಬಣ್ಣಗಳೆಲ್ಲ ಇದೊಂದೇ ಹೂವಿನಲ್ಲಿ ಸಿಗುವುದರಿಂದ ಸೀರೆ, ಪೇಟ, ಹಾಸಿನ ಬಣ್ಣಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ. ಅದೇ ಹೊತ್ತಿಗೆ ಎಲೆಯೇ ಇಲ್ಲದ ಹಸಿರು ಕಡ್ಡಿಗಳ ‘ಕೇರ್’ ಪೊದೆಯಲ್ಲಿ ಇಟ್ಟಿಗೆ ಕೆಂಪಿನ ಹೂ ಬಿಡುತ್ತದೆ.

ನವೆಂಬರ್ ಮದುವೆಗೆ ರೋಹಿಡಾ ಹೂ ಬರೆಸಿದರೆ ಅದು ಸುಳ್ಳು ಸಾಕ್ಷಿ. ಆಗ ಒಪ್ಪುವುದು ಹೊಂಬಣ್ಣಕ್ಕೆ ತಿರುಗಿದ ಸೇವಣ್ ಹುಲ್ಲು, ಮರಳಿನ ಮೇಲೆ ಹಬ್ಬಿದ ಬಳ್ಳಿಯಲ್ಲಿ ಹಳದಿ ಚೆಂಡಿನಂತೆ ಬಿದ್ದಿರುವ ಕಹಿ ‘ತುಂಬಾ’ ಕಾಯಿ, ಹೆಚ್ಚುಕಡಿಮೆ ವರ್ಷವಿಡೀ ಹೂ ಬಿಡುವ ಎಕ್ಕ, ಮತ್ತು ಖೇಜಡಿಯ ಸಣ್ಣ ಎಲೆ. ರಾಜಸ್ಥಾನದ ರಾಜ್ಯವೃಕ್ಷವಾದ ಈ ಖೇಜಡಿ ಕನ್ನಡಿಗರಿಗೆ ಹೊಸದೇನಲ್ಲ. ವಿಜಯದಶಮಿಗೆ ನಾವು ‘ಬಂಗಾರ’ ಎಂದು ಕೈಗಿಟ್ಟು ಹಂಚಿಕೊಳ್ಳುವ ಬನ್ನಿಯೇ ಅದು. ಕನ್ನಡದ ಮನೆಯೊಂದು ಜೈಸಲ್ಮೇರ್‌ನಲ್ಲಿ ಮದುವೆ ಇಟ್ಟುಕೊಂಡರೆ ಎರಡೂ ಸೀಮೆಗೆ ಸಲ್ಲುವ ಚಿತ್ರಕ್ಕೆ ಇದಕ್ಕಿಂತ ಬೇರೆ ಗಿಡ ಬೇಡ.

ಪಂಚಾಂಗವೂ ಊರು ಬದಲಿಸಬೇಕು

ಪತ್ರಿಕೆಯಲ್ಲಿ ಚಿತ್ರದ ಕೆಳಗೆ ಬರುವ ಮುಖ್ಯ ಸಾಲು ಮುಹೂರ್ತದ್ದು. ಇಲ್ಲಿ ಬಹಳ ಮನೆಗಳವರು ಎಡವುತ್ತಾರೆ. ಬೆಂಗಳೂರಿನ ಅಥವಾ ಧಾರವಾಡದ ಸೂರ್ಯೋದಯಕ್ಕೆ ಗಣಿಸಿದ ಮುಹೂರ್ತವನ್ನು ಹಾಗೇ ಅಲ್ಲಿಗೆ ಒಯ್ಯುತ್ತಾರೆ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚಿನಲ್ಲಿದೆ, ಸುಮಾರು 71 ಡಿಗ್ರಿ ರೇಖಾಂಶದಲ್ಲಿ. ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಹೊತ್ತಿಗೆ ಬರುವುದಿಲ್ಲ. ಫೆಬ್ರುವರಿ ಮಧ್ಯದಲ್ಲಿ ಬೆಂಗಳೂರಿನಲ್ಲಿ 6.40ರ ಸುಮಾರಿಗೆ ಮೂಡುವ ಸೂರ್ಯ ಜೈಸಲ್ಮೇರ್‌ನಲ್ಲಿ ಮೂಡುವುದು 7.20 ದಾಟಿದ ಮೇಲೆ. ನಡುಹಗಲಿನ ಅಭಿಜಿನ್ ಮುಹೂರ್ತದ ಮಧ್ಯಭಾಗ ಅಲ್ಲಿ ಗಡಿಯಾರದ ಒಂದು ಗಂಟೆಗೆ ಬರುತ್ತದೆ. ರಾಹುಕಾಲವೂ ಹಗಲನ್ನು ಎಂಟು ಪಾಲು ಮಾಡಿ ಹೇಳುವ ಲೆಕ್ಕವಾದ್ದರಿಂದ ಅದೂ ಸರಿಯುತ್ತದೆ. ಪುರೋಹಿತರಿಗೆ ಮೊದಲೇ ‘ಮದುವೆ ಜೈಸಲ್ಮೇರ್‌ನಲ್ಲಿ’ ಎಂದು ತಿಳಿಸಿ ಆ ಊರಿಗೇ ಲಗ್ನದ ಲೆಕ್ಕ ಹಾಕಿಸಿಕೊಳ್ಳಬೇಕು.

ಬಯಲು ಮದುವೆಗೆ ಸೊಗಸಾಗಿ ಹೊಂದುವುದು ನಮ್ಮ ಗೋಧೂಳಿ ಲಗ್ನ. ಫೆಬ್ರುವರಿಯಲ್ಲಿ ಅಲ್ಲಿ ಸೂರ್ಯ ಮುಳುಗುವುದು 6.35ರ ಆಸುಪಾಸು. ಅದಕ್ಕೆ ಮುಂಚಿನ ಒಂದು ಗಂಟೆಯ ಓರೆ ಬಿಸಿಲಿಗೆ ಫೋಟೊ ತೆಗೆಯುವವರು ವರ್ಷವಿಡೀ ಕಾಯುತ್ತಾರೆ. ಸೂರ್ಯ ಮುಳುಗಿದ ಮೇಲೆ ಮಾತ್ರ ಮರಳು ಬೇಗ ತಣಿಯುತ್ತದೆ. ಹಗಲು 27–28 ಡಿಗ್ರಿ ಇದ್ದ ಕಡೆ ರಾತ್ರಿ 11–12ಕ್ಕೆ ಇಳಿಯುತ್ತದೆ; ಜನವರಿಯಲ್ಲಿ ಚಳಿ ಇದಕ್ಕಿಂತ ಚುರುಕು. ಧಾರೆ ಮುಗಿದ ಕೂಡಲೇ ಊಟವನ್ನು ಗೋಡೆಯ ಮರೆಗೆ ಅಥವಾ ಬೆಂಕಿಯ ಗೂಡುಗಳ ಹತ್ತಿರಕ್ಕೆ ಸಾಗಿಸುವುದು ಜಾಣತನ. ಚಳಿಗಾಲದಲ್ಲಿ ಒಮ್ಮೊಮ್ಮೆ ‘ಮಾವಠ್’ ಎಂಬ ಮಳೆಯೂ ಬರುತ್ತದೆ. ವರ್ಷಕ್ಕೆ 200 ಮಿ.ಮೀ.ಗೂ ಕಡಿಮೆ ಮಳೆ ಬೀಳುವ ಸೀಮೆ ಎಂದುಕೊಂಡು ಮಾಡು ಇರುವ ಜಾಗವನ್ನು ಕಾದಿರಿಸದೇ ಇರಬಾರದು.

ಚಿತ್ರ ಬರೆಯುವವರ ಮೇಜಿನಲ್ಲಿ

ಗಿಡದ ಚಿತ್ರವನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಬಹುದು. ತೊಂದರೆ ಶುರುವಾಗುವುದೇ ಅಲ್ಲಿ. ಎಕ್ಕವನ್ನೇ ನೋಡಿ. ನಮ್ಮ ಹಿತ್ತಿಲಲ್ಲಿ, ಗಣಪತಿಯ ಹಾರದಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಎಕ್ಕದ ಎಸಳು ಹೊರಕ್ಕೆ ಬಾಗಿ ಅಗಲವಾಗಿ ಹರಡಿಕೊಂಡಿರುತ್ತದೆ. ಹೂವಿಡೀ ತಿಳಿನೇರಳೆ ಅಥವಾ ಬಿಳಿ. ಥಾರ್‌ನ ‘ಆಕ್’ ಇದರ ದಾಯಾದಿ. ಅದರ ಹೂ ಚಿಕ್ಕದು, ಎಸಳು ನೆಟ್ಟಗೆ ಮೇಲ್ಮುಖ, ಬುಡ ಬಿಳಿ, ತುದಿಗೆ ಮಾತ್ರ ಬೆರಳದ್ದಿದಂತೆ ನೇರಳೆ. ಬೆಂಗಳೂರಿನಲ್ಲಿ ಕೂತು ಮನೆ ಮುಂದಿನ ಎಕ್ಕ ನೋಡಿ ಬರೆದರೆ ಗಿಡ ತಪ್ಪುತ್ತದೆ.

ಇನ್ನೊಂದು ಮೋಸ ಜಾಲಿಯದು. ಖೇಜಡಿ ಎಂದು ಹುಡುಕಿದರೆ ಎಷ್ಟೋ ಸಲ ಸಿಗುವುದು ‘ವಿಲಾಯತಿ ಬಬೂಲ್’. ಅದನ್ನು ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದ ಈ ಮರಕ್ಕೆ 1940ರಲ್ಲಿ ಜೋಧ್‌ಪುರ ಸಂಸ್ಥಾನ ರಾಜಮರ್ಯಾದೆಯನ್ನೇ ಕೊಟ್ಟಿತ್ತು. ಈಗ ಅದು ಊರಿಗೆ ಊರನ್ನೇ ಆವರಿಸಿ ಸ್ಥಳೀಯ ಗಿಡಗಳನ್ನು ಮೂಲೆಗೊತ್ತಿದೆ.

ಹಾಗಾಗಿ ಕಲಾವಿದರನ್ನು ಒಮ್ಮೆ ಅಲ್ಲಿಗೇ ಕಳಿಸುವುದು, ಇಲ್ಲವೇ ಅಲ್ಲಿನ ಕಲಾವಿದರಿಂದಲೇ ಬರೆಸುವುದು ಮೇಲು. ಗಿಡ ನೋಡಲು ಒಳ್ಳೆಯ ಜಾಗ ಜೋಧ್‌ಪುರದ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ. ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್‌ನಷ್ಟು ಬಂಡೆನೆಲವನ್ನು ಜಾಲಿ ನುಂಗಿಹಾಕಿತ್ತು. 2006ರಲ್ಲಿ ಕೆಲಸ ಶುರುವಾಯಿತು. ಪ್ರದೀಪ್ ಕೃಷೆನ್ ಅವರ ಮುಂದಾಳತ್ವದಲ್ಲಿ ಜಾಲಿಯನ್ನು ಬೇರುಸಹಿತ ತೆಗೆದು ಥಾರ್‌ನ ಗಿಡಗಳನ್ನೇ ನೆಟ್ಟರು. ಬಂಡೆಯಲ್ಲಿ ಗುಂಡಿ ತೋಡಿಕೊಟ್ಟವರು ಅಲ್ಲಿನ ಕಲ್ಲುಕುಟಿಗರು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಕಲ್ಲಿನ ಒಳಗು ಹೇಳುವವರು. ಗಿಡದ ಬಗ್ಗೆ ಅನುಮಾನ ಬಂದರೆ ಕೇಳಲು ಅದೇ ಊರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯೂ ಇದೆ.

ರೋಹಿಡಾ ಹೂವನ್ನು ಎದುರಿಗಿಟ್ಟುಕೊಂಡು ಬರೆಯಬೇಕಾದರೆ ಹಿಂದಿನ ವರ್ಷದ ಫೆಬ್ರುವರಿ–ಮಾರ್ಚ್‌ನಲ್ಲೇ ಹೋಗಬೇಕು. ಇಡೀ ಯೋಜನೆಯಲ್ಲಿ ಮುಂದೂಡಲಾಗದ ಕೆಲಸ ಇದೊಂದೇ. ಮದುವೆ ನಿಶ್ಚಯವಾಗಿದ್ದು ಜುಲೈಯಲ್ಲಾದರೆ ರೋಹಿಡಾದ ಎಲೆ, ಕೊಂಬೆಯನ್ನು ಗಿಡ ನೋಡಿ ಬರೆಸಿ, ಹೂವಿಗೆ ನಂಬಿಕಸ್ಥರು ತೆಗೆದ ಫೋಟೊ ಬಳಸಬಹುದು. ಗಿಡವನ್ನು ಬಿಡಿಬಿಡಿಯಾಗಿ ನೋಡಿ ಬಣ್ಣದಲ್ಲಿ ದಾಖಲಿಸುವ ಕಲೆ ನಮ್ಮಲ್ಲೂ ಹಳೆಯದು. ಲಾಲ್‌ಬಾಗ್‌ನ ಸಂಗ್ರಹದಲ್ಲಿರುವ ಚೆಲುವಯ್ಯ ರಾಜು ಅವರ ಚಿತ್ರಗಳನ್ನು ಕಂಡವರಿಗೆ ಒಂದು ಎಲೆಯ ಬೆನ್ನು ತೋರಿಸಲು ಎಷ್ಟು ತಾಳ್ಮೆ ಬೇಕೆಂದು ಗೊತ್ತು.

ಕಲಾವಿದರಿಂದ ಒಂದೇ ದೊಡ್ಡ ಚಿತ್ರ ಬರೆಸಿಕೊಂಡರೆ ಕೆಲಸ ಕೆಡುತ್ತದೆ. ಇಡೀ ಕೊಂಬೆ ಒಂದು, ಬಿಡಿ ಹೂ ಒಂದು, ಮೊಗ್ಗು, ಕಾಯಿ, ಎಲೆ ಒಂದೊಂದು ಎಂದು ತುಂಡುತುಂಡಾಗಿ ಬರೆಸಬೇಕು. ಆಗ ಕರೆಯೋಲೆಗೆ ಕೊಂಬೆ, ಲಕೋಟೆಯ ಒಳಮೈಗೆ ಎಲೆ, ಊಟದ ಪಟ್ಟಿಗೆ ಕಾಯಿ, ಹೆಸರಿನ ಚೀಟಿಗೆ ಮೊಗ್ಗು ಎಂದು ಬೇಕಾದಂತೆ ಹೊಂದಿಸಬಹುದು. ವಧುವರರ ಸ್ವಂತದ್ದೂ ಸೇರಲಿ: ಹುಡುಗಿಯ ಊರಿನ ಮಲ್ಲಿಗೆ, ಹುಡುಗನ ಮನೆಯ ತೋಟದ ಕಾಫಿ ಹೂ, ಜತೆಗೆ ಖೇಜಡಿ. ಮೂರನ್ನೂ ಒಂದೇ ಕಟ್ಟಿನಲ್ಲಿ ಬರೆಸಿದರೆ ಅಂಥ ಪತ್ರಿಕೆ ಇನ್ನೊಂದು ಮನೆಯಲ್ಲಿ ಇರುವುದಿಲ್ಲ.

ಕಾಗದ, ಅಚ್ಚು, ಒತ್ತಕ್ಷರ

ಕಾಗದಕ್ಕೆ ರಾಜಸ್ಥಾನ ಬಿಟ್ಟು ಬೇರೆ ಕಡೆ ಹೋಗಬೇಕಾಗಿಲ್ಲ. ಜೈಪುರದ ಅಂಚಿನ ಸಾಂಗಾನೇರ್‌ನಲ್ಲಿ ಕಾಗಜಿ ಮನೆತನದವರು ತಲೆಮಾರುಗಳಿಂದ ಕೈಕಾಗದ ಮಾಡುತ್ತಿದ್ದಾರೆ. ಬನಿಯನ್ ಕಾರ್ಖಾನೆಗಳಲ್ಲಿ ಉಳಿದ ಹತ್ತಿ ಚಿಂದಿಯನ್ನು ಅರೆದು ತಿಳಿ ಮಾಡಿ, ಜಾಲರಿಯಲ್ಲಿ ಎತ್ತಿ, ಒತ್ತಿ, ಒಣಗಿಸುತ್ತಾರೆ. ಮರ ಕಡಿಯುವ ಮಾತೇ ಇಲ್ಲ. ಮಾಸಲು ಬಿಳಿ ಅಥವಾ ಮರಳಿನ ಬಣ್ಣದ, 250ರಿಂದ 300 ಜಿಎಸ್‌ಎಂ ದಪ್ಪದ ಹಾಳೆ ಪತ್ರಿಕೆಗೆ ಸಾಕು.

ಕೈಕಾಗದ ಶಾಯಿಯನ್ನು ಹೀರುತ್ತದೆ. ತೆಳುವಾದ ಜಲವರ್ಣ ಅದರ ಮೇಲೆ ಮಂಕಾಗುವುದರಿಂದ ಅಚ್ಚಿಗೆ ಕೊಡುವ ಮುನ್ನ ಬಣ್ಣವನ್ನು ತುಸು ಗಾಢ ಮಾಡಿಸಿ, ಅದೇ ಕಾಗದದ ಮೇಲೆ ಒಂದು ಮಾದರಿ ತೆಗೆಸಬೇಕು. ಕಂದು ಕಾಗದ ಆರಿಸಿದರೆ ಚಿತ್ರದಲ್ಲಿ ಬಿಳಿ ಇರುವ ಕಡೆಯೆಲ್ಲ ಕಾಗದದ ಕಂದು ಕಾಣುತ್ತದೆ. ಎಕ್ಕದ ಬಿಳಿ ಹೂವಿಗೆ ಅದು ಆಗಿಬರುವುದಿಲ್ಲ.

ಅಕ್ಷರಗಳನ್ನು ಕಾಗದದಲ್ಲಿ ತಗ್ಗಾಗಿ ಒತ್ತುವ ಲೆಟರ್‌ಪ್ರೆಸ್ ಮತ್ತೆ ಶೋಕಿಯಾಗಿದೆ. ಇಂಗ್ಲಿಷ್‌ಗೆ ಅದು ಸಲೀಸು. ಕನ್ನಡದಲ್ಲಿ ಒತ್ತಕ್ಷರ, ವಟ್ರಸುಳಿ, ದೀರ್ಘದ ಸುರುಳಿಗಳು ಸಣ್ಣವು. ಒತ್ತಿದಾಗ ಶಾಯಿ ತುಂಬಿ ಕಣ್ಣು ಮುಚ್ಚಿಕೊಳ್ಳುತ್ತವೆ. ಗೆರೆ ತೀರಾ ಸಪೂರವಲ್ಲದ ಅಕ್ಷರಶೈಲಿ ಆರಿಸಿ, 11–12 ಪಾಯಿಂಟ್‌ಗಿಂತ ಕೆಳಗೆ ಇಳಿಸದಿದ್ದರೆ ಓದಲು ಬರುತ್ತದೆ.

ಇದಕ್ಕಿಂತ ದೊಡ್ಡ ಗಂಡಾಂತರ ಕಂಪ್ಯೂಟರಿನಲ್ಲಿದೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಇನ್ನೊಬ್ಬರ ಯಂತ್ರದಲ್ಲಿ ತೆರೆದರೆ ಅದು ಗೀಚಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿದ್ದರೂ ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಒತ್ತದಿದ್ದರೆ ಒತ್ತು ಬಿಚ್ಚಿಕೊಂಡು ಅರ್ಧಾಕ್ಷರ ನಿಲ್ಲುತ್ತದೆ. ಜೈಪುರದ ಮುದ್ರಕರಿಗೆ ಕನ್ನಡ ಬರದು, ತಪ್ಪು ಕಣ್ಣಿಗೆ ಬೀಳದು. ಅಕ್ಷರಗಳನ್ನೆಲ್ಲ ರೇಖಾಚಿತ್ರವಾಗಿ ಬದಲಿಸಿದ ಕಡತವನ್ನೇ ಕಳಿಸಿ, ಬಂದ ಕರಡನ್ನು ಮನೆಯ ಹಿರಿಯರಿಗೆ ಒಮ್ಮೆ ತೋರಿಸಬೇಕು. ‘ಚಿ.’ ಯಾರಿಗೆ, ‘ಚಿ. ಸೌ.’ ಯಾರಿಗೆ, ಕುಲದೇವರ ಹೆಸರು ಮೇಲಿದೆಯೇ, ಸೋದರಮಾವನ ಹೆಸರು ಬಿಟ್ಟುಹೋಗಿದೆಯೇ ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹಿಡಿಯಲಾರರು.

ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮೊದಲ ಪತ್ರಿಕೆಯನ್ನು ದೇವರ ಮುಂದಿಡುವುದು ನಮ್ಮ ಪದ್ಧತಿ. ರಾಜಸ್ಥಾನದ ಎಷ್ಟೋ ಮನೆಗಳಿಂದ ಮೊದಲ ಪತ್ರಿಕೆ ಅಂಚೆಯಲ್ಲಿ ರಣಥಂಭೋರ್ ಕೋಟೆಯ ತ್ರಿನೇತ್ರ ಗಣೇಶನಿಗೆ ಹೋಗುತ್ತದೆ. ನಾವು ಮಂತ್ರಾಕ್ಷತೆ ಕೊಟ್ಟು ಕರೆದಂತೆ ಅವರು ‘ಪೀಲೇ ಚಾವಲ್’, ಅಂದರೆ ಅರಿಶಿನ ಬೆರೆಸಿದ ಅಕ್ಕಿ ಕೊಟ್ಟು ಕರೆಯುತ್ತಾರೆ. ಸಾಂಗಾನೇರ್ ಕಾಗದದ ಪುಟ್ಟ ಪೊಟ್ಟಣದಲ್ಲಿ ಈ ಅಕ್ಷತೆ, ಮೇಲೊಂದು ಬನ್ನಿ ಎಲೆಯ ಚಿತ್ರ: ಎರಡು ಪದ್ಧತಿಗೂ ಒಂದೇ ಪೊಟ್ಟಣ ಸಾಕಾಗುತ್ತದೆ.

ಕಾರ್ಡು ಮಾಡಬೇಕಾದ ಕೆಲಸ

ಮರಳುದಿಬ್ಬಗಳ ನಡುವೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಕ್ಯೂಆರ್ ಕೋಡ್ ಒಂದನ್ನೇ ನಂಬಿ ಬಂದ ಅತಿಥಿ ಕತ್ತಲಲ್ಲಿ ದಾರಿ ಹುಡುಕಬೇಕಾಗುತ್ತದೆ. ಚಂದದ ಕಾಗದಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಪತ್ರಿಕೆಯ ಜತೆಗೆ ಒಂದು ನಕ್ಷೆಯ ಕಾರ್ಡು ಇರಲಿ: ಜೋಧ್‌ಪುರದಿಂದ ಜೈಸಲ್ಮೇರ್‌ಗೆ ರಸ್ತೆಯಲ್ಲಿ ಸುಮಾರು 285 ಕಿ.ಮೀ., ಐದು ಗಂಟೆಯ ಹಾದಿ. ಅಲ್ಲಿಂದ ಸಮ್ ದಿಬ್ಬಗಳಿಗೆ ಸುಮಾರು 40 ಕಿ.ಮೀ. ಇನ್ನೊಂದು ಕಾರ್ಡಿನಲ್ಲಿ ಹಿತವಚನ: ಸಂಜೆಗೆ ಶಾಲು ತನ್ನಿ, ಹಿಮ್ಮಡಿ ಎತ್ತರದ ಚಪ್ಪಲಿ ಮರಳಲ್ಲಿ ಹೂತುಹೋಗುತ್ತದೆ, ಮೊಣಕಾಲು ನೋವಿನವರಿಗೆ ಹಲಗೆಯ ದಾರಿ ಮಾಡಿದ್ದೇವೆ. ಕೊನೆಯ ಮಾತು ಬರೀ ಕಾರ್ಡಿನಲ್ಲಿದ್ದರೆ ಸಾಲದು. ವಾಹನ ನಿಲ್ಲುವ ಜಾಗದಿಂದ ಮಂಟಪದವರೆಗೆ ಹಲಗೆ ಹಾಸಿ ಮೇಲೆ ಜಮಖಾನ ಬಿಗಿದಿದ್ದರೆ ಮಾತ್ರ ಅಜ್ಜಿಯರು ಧಾರೆ ನೋಡಿಯಾರು.

ಊಟದ ಪಟ್ಟಿ, ಹೆಸರಿನ ಚೀಟಿಗಳು ಗಾಳಿಗೆ ಹಾರದಂತೆ ಜೈಸಲ್ಮೇರ್‌ನ ಹಳದಿ ಕಲ್ಲಿನ ಚೂರು ಇಡಬಹುದು. 1156ರಲ್ಲಿ ನೆಲೆಗೊಂಡ ಕೋಟೆಯನ್ನು ಕಟ್ಟಿದ್ದು ಈ ಕಲ್ಲಿನಿಂದಲೇ. ಕಲ್ಲು ಕೊಯ್ಯುವ ಅಂಗಳಗಳಲ್ಲಿ ಉಳಿಕೆ ಚೂರು ಬಿದ್ದಿರುತ್ತದೆ.

ಪಟ್ಟಿಯ ಮೇಲಿನ ಗಿಡ ತಟ್ಟೆಗೂ ಬಂದರೆ ಚೆಂದ. ಖೇಜಡಿಯ ಎಳೆಕಾಯಿ ‘ಸಾಂಗ್ರಿ’ಯನ್ನು ಬೇಸಿಗೆಯಲ್ಲಿ ಕೊಯ್ದು ಒಣಗಿಸಿ ವರ್ಷವಿಡೀ ಬಳಸುತ್ತಾರೆ. ಕೇರ್ ಕಾಯಿ, ಕುಮಟ್ ಬೀಜ, ಚಳ್ಳೆಕಾಯಿಯ ಜಾತಿಯ ಗೂಂದಾ ಮೊದಲಾದವನ್ನು ಸೇರಿಸಿದರೆ ‘ಪಂಚಕೂಟಾ’. ಸಜ್ಜೆ ರೊಟ್ಟಿಯ ಜತೆ ಇದು ಉತ್ತರ ಕರ್ನಾಟಕದವರಿಗೆ ಹೊಸದೆನಿಸದು. ಬಾಳೆಎಲೆ ಮಾತ್ರ ಅಲ್ಲಿ ಸಿಗದು. ಸಾಗಿಸಿದರೂ ಒಣಗಾಳಿಗೆ ಸೀಳುತ್ತದೆ. ಮುತ್ತುಗದ ಪತ್ರಾವಳಿ ಎರಡೂ ನಾಡಿನ ಬಳಕೆಯಲ್ಲಿದೆ, ಅದನ್ನೇ ಹಾಕಿಸಬಹುದು. ಮಾವಿನ ತೋರಣ, ವೀಳ್ಯದೆಲೆ, ತೆಂಗಿನಕಾಯಿ, ಬಾಸಿಂಗವನ್ನು ಊರಿನಿಂದಲೇ ಒಯ್ಯಬೇಕು. ಹೋಮಕುಂಡಕ್ಕೆ ಗಾಳಿ ಬರುವ ಕಡೆ ಹುಲ್ಲಿನ ತಟ್ಟಿಯ ಮರೆ ಕಟ್ಟಿಸುವುದನ್ನು ಮರೆಯಬಾರದು.

ಸಂಗೀತಕ್ಕೆ ಮಾಂಗಣಿಯಾರರಿದ್ದಾರೆ. ಮುಸ್ಲಿಮರಾದ ಇವರು ತಲೆತಲಾಂತರದಿಂದ ತಮ್ಮ ಹಿಂದೂ ಯಜಮಾನರ ಮನೆಯ ಜನನಕ್ಕೂ ಮದುವೆಗೂ ಹಾಡುತ್ತ ಬಂದವರು. ಅವರ ವಾದ್ಯಗಳಾದ ಕಮಾಯ್ಚಾ, ಖಡತಾಲ್‌ಗೆ ಮೈಕು ಬೇಕಾಗಿಲ್ಲ. ನಮ್ಮ ಸೋಬಾನೆ ಹಾಡುವ ಹೆಂಗಸರನ್ನೂ ಅವರ ಪಕ್ಕದಲ್ಲಿ ಕೂರಿಸಿದರೆ ಡಿಜೆಯ ನೆನಪು ಯಾರಿಗೂ ಬಾರದು. ಹೇಗಿದ್ದರೂ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಶಬ್ದಮಾಲಿನ್ಯ ನಿಯಮ ಅಡ್ಡ ಬರುತ್ತದೆ.

ಮರಳಿಗೂ ವಾರಸುದಾರರಿದ್ದಾರೆ

ಸಮ್ ಸುತ್ತಮುತ್ತ 3,162 ಚದರ ಕಿ.ಮೀ. ವ್ಯಾಪ್ತಿಯ ಮರುಭೂಮಿ ರಾಷ್ಟ್ರೀಯ ಉದ್ಯಾನ ಹರಡಿದೆ. ಅಲ್ಲಿ ಉಳಿದಿರುವ ‘ಗೋಡಾವಣ್’ ನಮ್ಮ ಸಿರಗುಪ್ಪದಲ್ಲಿ ಬೆರಳೆಣಿಕೆಯಷ್ಟು ಕಾಣುವ ಎರೆಭೂತ ಹಕ್ಕಿಯೇ. ಪಟಾಕಿ, ಹಾರುವ ದೀಪ, ಲೇಸರ್ ಬೆಳಕು ಅದಕ್ಕೆ ಕಂಟಕ. ಜೈಸಲ್ಮೇರ್ ಗಡಿ ಜಿಲ್ಲೆಯೂ ಆದ್ದರಿಂದ ಡ್ರೋನ್ ಹಾರಿಸುವ ಮೊದಲು ಅನುಮತಿ ಬೇಕು. ದಿಬ್ಬದ ಮೇಲೆ ಮಂಟಪ ಹಾಕುವ ಮುಂಚೆ ಆ ನೆಲ ಅರಣ್ಯದ್ದೋ, ಖಾಸಗಿಯದೋ, ಊರ ಗೋಮಾಳವೋ ಎಂದು ಕೇಳಿ ತಿಳಿಯಬೇಕು.

ಗಿಡಗಳ ವಿಷಯದಲ್ಲಂತೂ ಎಚ್ಚರ ಹೆಚ್ಚೇ ಇರಬೇಕು. 1730ರಲ್ಲಿ ಜೋಧ್‌ಪುರದ ಹತ್ತಿರದ ಖೇಜಡ್ಲಿಯಲ್ಲಿ ರಾಜನ ಕಡೆಯವರು ಮರ ಕಡಿಯಲು ಬಂದಾಗ ಅಮೃತಾದೇವಿ ಮೊದಲಾಗಿ 363 ಬಿಷ್ಣೋಯಿಗಳು ಖೇಜಡಿಯನ್ನು ತಬ್ಬಿ ಪ್ರಾಣ ಕೊಟ್ಟರು. ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಫೋಟೊದಲ್ಲಿ ಚೆನ್ನಾಗಿ ಬರಲೆಂದು ಖೇಜಡಿ ಕೊಂಬೆ ಮುರಿದು ಕಮಾನು ಕಟ್ಟುವುದು ಅಪಚಾರವೇ ಸರಿ. ರೋಹಿಡಾವನ್ನು ಮರಮುಟ್ಟಿಗಾಗಿ ಕಡಿದೂ ಕಡಿದೂ ‘ಮಾರ್ವಾಡದ ತೇಗ’ ಎನಿಸಿದ ಆ ಮರ ಈಗ ವಿರಳವಾಗಿದೆ. ಬೀಜ ಬೆರೆಸಿದ ಕಾಗದವೂ ಅಲ್ಲಿಗೆ ಹೊಂದದು. ಪರವೂರಿನ ಬೀಜ ಮರಳಿಗೆ ಬಿದ್ದರೆ ಒಂದೋ ಒಣಗುತ್ತದೆ, ಇಲ್ಲವೇ ಬಳ್ಳಾರಿ ಜಾಲಿಯ ಹಾದಿ ಹಿಡಿಯುತ್ತದೆ. ಎಕ್ಕವನ್ನು ಒತ್ತಿ ಒಣಗಿಸಿ ಅಂಟಿಸಲು ಹೋಗುವುದೂ ಬೇಡ, ಅದರ ಹಾಲು ಕಣ್ಣಿಗೆ ಅಪಾಯ. ಒಣಹೂವೇ ಬೇಕೆಂದರೆ ಪುಷ್ಕರದ ಸುತ್ತ ಬೆಳೆಯುವ ಗುಲಾಬಿಯ ಎಸಳು ಸಾಕು.

ಖರ್ಚಿನ ಪಟ್ಟಿ ಕೈಮೀರಿ ಬೆಳೆದಾಗ ಎಲ್ಲರ ಕತ್ತರಿ ಮೊದಲು ಹೋಗುವುದು ಕಲಾವಿದರ ಸಂಭಾವನೆಯ ಮೇಲೆ. ಚಿತ್ರ ತಾನೆ, ಎಲ್ಲಿಂದಲೋ ತೆಗೆದರಾಯಿತು ಎಂಬ ಮಾತು ಬರುತ್ತದೆ. ಕತ್ತರಿಸಬೇಕಾದ್ದು ವಿಮಾನದಲ್ಲಿ ತರಿಸುವ ಹೂವಿನ ಬಾಬ್ತನ್ನು. ಥಾರ್‌ನ ಒಣಗಾಳಿಯಲ್ಲಿ ಆ ಹೂ ಧಾರೆಯ ಹೊತ್ತಿಗೇ ಬಾಡಿರುತ್ತದೆ, ಮರುದಿನ ಅದನ್ನು ಗುಡಿಸಲು ಮತ್ತೆ ಕೂಲಿ ಕೊಡಬೇಕು. ಕಲಾವಿದರಿಗೆ ಕೊಟ್ಟ ಹಣ ಪತ್ರಿಕೆಯಾಗಿ, ನಕ್ಷೆಯಾಗಿ, ಊಟದ ಪಟ್ಟಿಯಾಗಿ, ಮದುವೆ ಮುಗಿದ ಮೇಲೆ ಬಂದವರಿಗೆ ಬರೆಯುವ ಕೃತಜ್ಞತೆಯ ಕಾರ್ಡಾಗಿ ನಾಲ್ಕು ಸಲ ದುಡಿಯುತ್ತದೆ. ಅದಕ್ಕಾಗಿ ಮರುಭೂಮಿ ಒಂದು ಕಡ್ಡಿಯನ್ನೂ ಕಳೆದುಕೊಂಡಿರುವುದಿಲ್ಲ.